ಕಮಿಟಿಯಿಂದ ಬಿಟ್ಟ ಬಸ್ಸು

ಚಿಂಚೋಳಿಯಿಂದ ಕುಂಚಾವರಂಗೆ ಹೋಗುವ ರಸ್ತೆ ಬಿಟ್ಟು ಎಡಕ್ಕೆ ಏಳು ಕಿಲೋಮೀಟರು ಅಡವಿಯಲ್ಲಿ ನಡೆದರೆ ಚಿಂತಲಪಲ್ಲಿ. ತೆಲುಗಿನಲ್ಲಿ ಚಿಂತ ಅಂದರೆ ಹುಣಸೆ. ಹುಣಸೆಮರದ ಊರು ಅಂತ ಹಿರಿಯರು ಇಟ್ಟ ಹೆಸರು, ಕನ್ನಡದವರ ಬಾಯಿಗೆ ಬಿದ್ದು ಚಿಂತೆಯ ಊರಾಯಿತು. ಊರೇನು ಮಾಡೀತು ಪಾಪ! ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆ ಇತ್ತು, ಸುಳ್ಳಲ್ಲ. ಯಂಕಮ್ಮನ ಚಿಂತೆ ಮಾತ್ರ ಒತ್ತಕ್ಷರದ್ದು.

ನಗಬೇಡಿ. ನಲವತ್ತಾರು ವರ್ಷದ ಹೆಂಗಸು, ಇಬ್ಬರು ಮೊಮ್ಮಕ್ಕಳು, ಮನೆಯಲ್ಲಿ ಎರಡು ಎಮ್ಮೆ, ಬಾಯಿ ತೆರೆದರೆ ನಾಲ್ಕು ಹೊಲದಾಚೆ ಕೇಳಬೇಕು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವ ಮಾತು ಇವಳನ್ನು ನೋಡಿಯೇ ಹುಟ್ಟಿರಬೇಕು. ಅಂಥವಳು ದಿನಾ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಸೆರಗಿಗೆ ಕೈ ಒರೆಸಿಕೊಂಡು ಶಾಲೆಯ ಹಿಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. ಕಲಿಯಬೇಕು ಅಂದರೆ ಕಲಿಯಬೇಕು, ಅಷ್ಟೇ. ಕೇಳಿದವರಿಗೆ ಇಷ್ಟೇ ಉತ್ತರ ಕೊಡುತ್ತಿದ್ದಳು: "ನಿಮ್ಮಪ್ಪನ ಮನಿ ಗಂಟೇನು ಹೋಗ್ತದ?"

ಆದರೆ ಆ ಊರಿಗೆ ಮಾಸ್ತರರು ನಿಲ್ಲುತ್ತಿರಲಿಲ್ಲ. ರಸ್ತೆಯ ತನಕ ಬಸ್ಸು, ಅಲ್ಲಿಂದ ಏಳು ಕಿಲೋಮೀಟರು ಕಾಲು, ಸಂಜೆ ಮತ್ತೆ ಏಳು. ಮೊದಲು ಬಂದವರು ಅ ಆ ಇ ಈ ಕಲಿಸಿ ವರ್ಗ ಮಾಡಿಸಿಕೊಂಡು ಹೋದರು. ಎರಡನೆಯವರು ಬಂದು ಮತ್ತೆ ಅ ಇಂದಲೇ ಶುರು ಮಾಡಿ, ಕ ಖ ಗ ಘಕ್ಕೆ ಬರುವ ಹೊತ್ತಿಗೆ ನಾಪತ್ತೆ. ಮೂರನೆಯವರು ಕಾಗುಣಿತ ಮುಗಿಸಿದ ಮಾರನೇ ದಿನ ಮಳೆ ಹಿಡಿಯಿತು, ದಾರಿಗೆ ಅಡ್ಡ ಹರಿಯುವ ನಾಲೆ ತುಂಬಿತು, ಅವರೂ ಹೋದರು. ಒಂದು ಶನಿವಾರ "ಸೋಮವಾರ ಬರ್ತೀನಿ" ಅಂತ ಹೇಳಿ ಹೋಗುವುದು, ಆಮೇಲೆ ಸೋಮವಾರ ಅನ್ನುವುದು ಬಾರದೇ ಇರುವುದು. ಮೂವರದೂ ಅದೇ ಪಾಠ.

ಹೀಗಾಗಿ ಯಂಕಮ್ಮ ಅ ಅಕ್ಷರವನ್ನು ಮೂರು ಸಲ ಕಲಿತಳು, ಒತ್ತಕ್ಷರವನ್ನು ಒಂದು ಸಲವೂ ಕಲಿಯಲಿಲ್ಲ. ತನ್ನ ಹೆಸರು ಬರೆದರೆ "ಯಂಕಮ" ಅಂತ ಆಗುತ್ತಿತ್ತು. ನಾಲ್ಕನೆಯವರಾಗಿ ಬಂದ ವೃಂದಾ ಟೀಚರ್ ಅದನ್ನು ನೋಡಿ, "ಇದಕ್ಕ ಕೆಳಗ ಒಂದು ಒತ್ತು ಬೇಕು. ಎಮ್ಮೆ ಅನ್ನೂದರಾಗ ಇರ್ತದಲ್ಲ, ಅದೇ ಒತ್ತು," ಅಂದರು.

"ಅಂದ್ರ ನಮ್ಮ ಮನಿ ಎಮ್ಮಿಗಿ ಒತ್ತು ಅದ, ನನಗಿಲ್ಲ?" ಯಂಕಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು. "ಟೀಚರ್, ಅದನ್ನ ಇವತ್ತೇ ಕಲಿಸ್ರಿ."

"ಕಾಗುಣಿತ ಗಟ್ಟಿ ಆಗಲಿ, ಆಮ್ಯಾಲ," ಅಂದರು ವೃಂದಾ. ಚಿತ್ತಾಪುರದ ವೈಷ್ಣವರ ಮನೆಯ ಹುಡುಗಿ, ಇಪ್ಪತ್ತಾರು ವರ್ಷ. ತಂದೆ ವೆಂಕಟೇಶಾಚಾರ್ಯರು ಕೋರ್ಟಿನಲ್ಲಿ ಗುಮಾಸ್ತರು. ಮಗಳು ಚಿಂಚೋಳಿಯಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಾ ಹದಿನಾಲ್ಕು ಕಿಲೋಮೀಟರು ನಡೆದು, ಒಂದು ವರ್ಷದಲ್ಲಿ ಮೂರು ಜೊತೆ ಚಪ್ಪಲಿ ಸವೆಸಿದ್ದರು. ತೊಂಬತ್ತೇಳನೇ ಇಸವಿಯ ಸಂಕ್ರಾಂತಿ ಮುಗಿದ ಮೇಲೆ ಅವರೂ ವರ್ಗದ ಅರ್ಜಿ ಕೊಟ್ಟರು. ಕೊಟ್ಟದ್ದನ್ನು ಮುಚ್ಚಿಡದೆ ಯಂಕಮ್ಮನಿಗೆ ತಾವೇ ಹೇಳಿದರು. "ಬಸ್ ಇದ್ದಿದ್ರ ಹೋಗ್ತಿರಲಿಲ್ಲ. ಕಾಲಾಗ ಶಕ್ತಿ ಇಲ್ಲ ಯಂಕಮ್ಮಾ."

ಯಂಕಮ್ಮ ಅವತ್ತು ರಾತ್ರಿ ಉಣ್ಣಲಿಲ್ಲ. ಗಂಡ ಹಣಮಪ್ಪ, "ಐದನೇದವರು ಬರ್ತಾರ ಬಿಡು," ಅಂದ.

"ಬಂದು ಮತ್ತ ಅ ಅಂತಾರ! ಸಾಯೂತನಕ ಅ ಬರಕೋತ ಕುಂದ್ರಲೇನು?" ಅಂದವಳೇ ಬೆಳಿಗ್ಗೆ ಎದ್ದು ಚಿಂಚೋಳಿಗೆ, ಶಾಸಕ ಖಂಡಪ್ಪಸಾಹೇಬರ ಮನೆಗೆ ನಡೆದಳು.

ಖಂಡಪ್ಪಸಾಹೇಬರು ಒಳ್ಳೆಯ ಮನುಷ್ಯ, ಸ್ವಲ್ಪ ಮೂಗಿನ ಮೇಲೆ ಸಿಟ್ಟು. ಅವಳನ್ನು ಕೂರಿಸಿ, ಚಹಾ ಕೊಡಿಸಿ, ವಿಷಯ ತಿಳಿಸಿ ಹೇಳಿದರು. ಚಿಂತಲಪಲ್ಲಿಗೆ ಬಸ್ಸು ಓಡಿಸುತ್ತೇವೆ ಎಂದು ಮಂತ್ರಿಗಳು ಎರಡು ವರ್ಷದ ಹಿಂದೆಯೇ ವಿಧಾನಸಭೆಯಲ್ಲಿ ಎದ್ದು ನಿಂತು ಹೇಳಿದ್ದರು. ಸಭೆಯಲ್ಲಿ ಹೇಳಿದ ಮಾತು ಭರವಸೆ ಆಗುತ್ತದೆ. ಹೇಳಿ ಮರೆತವರನ್ನು ಕರೆದು "ಏನಾಯಿತು?" ಅಂತ ಕೇಳುವುದಕ್ಕೇ ಶಾಸಕರ ಒಂದು ಸಮಿತಿ ಇದೆ. ಅದರ ಹೆಸರೇ ಭರವಸೆಗಳ ಸಮಿತಿ, ಸಾಹೇಬರು ಅದರಲ್ಲಿ ಸದಸ್ಯರು.

"ಅಂದ್ರ ಮಾತು ಕೊಟ್ಟು ಓಡಿಹೋದವರ ಧೋತರ ಹಿಡಿದು ಜಗ್ಗೂ ಕಮಿಟಿ ಏನ್ರಿ?"

ಸಾಹೇಬರು ಚಹಾ ನೆತ್ತಿಗೇರುವಷ್ಟು ನಕ್ಕರು. "ಹಂಗೇ ಅನಕೋ. ಬುಧವಾರ ಮೀಟಿಂಗ್ ಅದ. ನಿನ್ನ ಬಸ್ಸಿನ ಮಾತು ಎತ್ತತೀನಿ. ಏನಾತು ಅನ್ನೂದು ಫೋನ್ ಮಾಡಿಸ್ತೀನಿ."

ಫೋನು ಎಲ್ಲಿಗೆ? ಚಿಂಚೋಳಿ ಬಸ್‌ಸ್ಟ್ಯಾಂಡಿನ ಎದುರು ಹಸೀನಾಬೇಗಂ ಅವರ ಎಸ್‌ಟಿಡಿ ಅಂಗಡಿಗೆ. ಸುತ್ತಲ ಹತ್ತು ಹಳ್ಳಿಯ ಹೆರಿಗೆ, ಮದುವೆ, ಸಾವು ಎಲ್ಲ ಬಂದು ಇಳಿಯುತ್ತಿದ್ದುದು ಆ ಒಂದು ಹಸಿರು ಫೋನಿನಲ್ಲಿ. ಬುಧವಾರ ಮಧ್ಯಾಹ್ನ ಯಂಕಮ್ಮ ಅಲ್ಲಿಯೇ ಬೆಂಚಿನ ಮೇಲೆ ಕೂತಿದ್ದಳು. ನಾಲ್ಕು ಗಂಟೆಗೆ ಫೋನು ಬಡಿದುಕೊಂಡಿತು. ಸಾಹೇಬರ ಪಿಎ ಬೆಂಗಳೂರಿನ ಯಾವುದೋ ಬೂತಿನಿಂದ ಮಾತಾಡುತ್ತಿದ್ದ. ಮೀಟರು ಓಡುತ್ತಿದೆ ಅನ್ನುವ ಗಾಬರಿಯಲ್ಲಿ ಅವನು ಮಾತನ್ನು ಅರ್ಧಕ್ಕರ್ಧ ನುಂಗುತ್ತಿದ್ದ, ಉಳಿದರ್ಧವನ್ನು ತಂತಿ ನುಂಗುತ್ತಿತ್ತು.

"ಹಲೋ! ಜೋರಾಗಿ ಹೇಳ್ರಿ! ಏನು? ಕಮಿಟಿಯಿಂದ... ಹಾಂ? ಬಿಟ್ಟಾರ? ಕಮಿಟಿಯಿಂದ ಬಿಟ್ಟಾರ! ಮತ್ತ? ಶುಕ್ರವಾರ ಹೊರಡೂದು? ಠೀಕ್!" ಹಸೀನಾಬೇಗಂ ಫೋನು ಇಟ್ಟು ಎರಡೂ ಕೈ ಮೇಲೆತ್ತಿದರು. "ಅರೆ ಯಂಕಮ್ಮ ಅಕ್ಕಾ! ಮುಬಾರಕ್! ಕಮಿಟಿಯಿಂದ ಬಿಟ್ಟಾರಂತ! ಶುಕ್ರವಾರ ಹೊರಡ್ತದಂತ!"

"ಬೇಗಂ ಆಪಾ!" ಯಂಕಮ್ಮ ಅವರನ್ನು ಬುರ್ಖಾ ಸಮೇತ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಬಸ್ಸು ಬಿಟ್ಟರು ಅಂದರೆ ಬಸ್ಸು ಬಿಟ್ಟರು, ಅದರಲ್ಲಿ ಕೇಳುವುದೇನಿದೆ!

ಮುಂದಿನ ಎರಡು ದಿನ ಚಿಂತಲಪಲ್ಲಿಗೆ ಹುಚ್ಚು ಹಿಡಿಯಿತು ಅಂದರೆ ಹೆಚ್ಚಲ್ಲ. ಗಂಡಸರು ದಾರಿಯ ಮುಳ್ಳುಕಂಟಿ ಕಡಿದರು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹೊತ್ತು ನಾಲೆಗೆ ಕಲ್ಲು ತುಂಬಿದರು. ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದರ ಮೇಲೆ ಮೇಲಿನ ಓಣಿಗೂ ಕೆಳಗಿನ ಓಣಿಗೂ ಜಗಳ ಹತ್ತಿತು. ಕಡೆಗೆ ಯಂಕಮ್ಮ ಶಾಲೆಯ ಮುಂದೆ ಒಂದು ಗೂಟ ಜಡಿದು, "ಇಲ್ಲಿ. ಯಾರರೆ ಕಿತ್ತಿದ್ರ ಅದೇ ಗೂಟದ್ಲೇ ಹೊಡಿತೀನಿ," ಅಂದಳು. ಜಗಳ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಇಡೀ ಊರು ಗೂಟದ ಸುತ್ತ ನಿಂತಿತು. ಎಂಟು ಗಂಟೆ ಆಯಿತು, ಒಂಬತ್ತಾಯಿತು. ಬಸ್ಸಿಲ್ಲ. ವೃಂದಾ ಟೀಚರ್ ಎಂದಿನಂತೆ ಧೂಳು ಮೆತ್ತಿದ ಕಾಲಿನಲ್ಲಿ ನಡೆದೇ ಬಂದರು, ಜನರನ್ನು ನೋಡಿದರು, ಕಾಲಿನ ಧೂಳು ಕೊಡವಿ ಶಾಲೆಯ ಒಳಗೆ ಹೋದರು. ಆ ಧೂಳು ಕೊಡವಿದ್ದು ಯಂಕಮ್ಮನಿಗೆ ಚುಚ್ಚಿತು. "ಬಸ್ಸಿಗಿ ದಾರಿ ಗೊತ್ತಿಲ್ಲ. ನಾನೇ ಹೋಗಿ ಕರಕೊಂಡು ಬರ್ತೀನಿ," ಅಂತ ಚೆಂಡುಹೂವಿನ ಹಾರ ಬುಟ್ಟಿಗೆ ಹಾಕಿಕೊಂಡು ಹೊರಟಳು.

ಚಿಂಚೋಳಿ ಡಿಪೋದ ಮ್ಯಾನೇಜರು ಜಗದೇವಪ್ಪ ಆಗಷ್ಟೇ ಸಕ್ಕರೆ ಇಲ್ಲದ ಚಹಾ ಬಾಯಿಗಿಟ್ಟಿದ್ದರು. ಬುಟ್ಟಿ ಬಂದು ಮೇಜಿನ ಮೇಲೆ ಕೂತಿತು.

"ನಮ್ಮ ಬಸ್ ಎಲ್ಲದರಿ?"

"ಯಾವ ಬಸ್‌ಬೇ ಯವ್ವಾ?"

"ಚಿಂತಲಪಲ್ಲಿ ಬಸ್. ಊರ ಮಂದಿ ಮುಂಜಾನಿಂದ ಉಪಾಸ ನಿಂತಾರ, ನೀವಿಲ್ಲಿ ಚಾ ಕುಡಿಲಿಕತ್ತೀರಿ!"

"ಅಂಥಾ ಬಸ್ಸೇ ಇಲ್ಲ."

"ಇಲ್ಲಂದ್ರ? ಕಮಿಟಿಯಿಂದ ಬಿಟ್ಟಾರ!"

ಜಗದೇವಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಯಾ... ಯಾವ ಕಮಿಟಿ?"

"ಭರವಸಿ ಕಮಿಟಿ. ಬೆಂಗಳೂರಿಂದ ಫೋನ್ ಬಂದಾದ. ಬೇಕಾದ್ರ ಬೇಗಂ ಆಪಾನ್ನ ಕೇಳ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ವರ್ಷ ಆ ಸಮಿತಿ ಜಿಲ್ಲೆಗೆ ಪ್ರವಾಸ ಬಂದಾಗ ಜಗದೇವಪ್ಪನವರನ್ನೂ ಕರೆಸಿತ್ತು. ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಲ್ಲಿ ಗಾಡಿ ಎಷ್ಟು? ಜಗದೇವಪ್ಪ ಹೆದರಿಕೆಗೆ ತಮ್ಮ ವಯಸ್ಸು ಹೇಳಿ ಕೂತುಬಿಟ್ಟಿದ್ದರು. ಅಷ್ಟು ಗಾಡಿ ಎಲ್ಲಿವೆ ತೋರಿಸಿ ಅಂತ ಸಮಿತಿ ಕೇಳಿದ ಮೇಲೆ ಅವರಿಗೆ ಮೂರು ದಿನ ಜ್ವರ ಬಂದಿತ್ತು. ಅಂದಿನಿಂದ ಕಮಿಟಿ ಅನ್ನುವ ಶಬ್ದ ಕೇಳಿದರೆ ಅವರಿಗೆ ಬೆನ್ನು ತಾನೇ ನೆಟ್ಟಗಾಗುತ್ತಿತ್ತು.

"ಆರ್ಡರ್ ಹಿಂದಿಂದ ಬರ್ತದೇನೋ," ಅಂತ ತಮಗೆ ತಾವೇ ಹೇಳಿಕೊಂಡು ಎದ್ದರು. ರಿಪೇರಿಯಿಂದ ಬಂದ ಒಂದು ಹಳೇ ಗಾಡಿ ರೂಟಿಲ್ಲದೆ ನಿಂತಿತ್ತು. ಡ್ರೈವರ್ ಹಾಜಿಸಾಬನನ್ನು ಕೂಗಿದರು. ಬೋರ್ಡು ಮಾತ್ರ ಇರಲಿಲ್ಲ. ಹಳೆಯ ಬೋರ್ಡೊಂದನ್ನು ತಿರುವಿ ಹಾಕಿ ಯಂಕಮ್ಮನೇ ಸೀಮೆಸುಣ್ಣ ಹಿಡಿದು, ನಾಲಿಗೆ ಕಚ್ಚಿಕೊಂಡು ಬರೆದಳು: ಚಿಂತಲಪಲಿ.

ಹಾಜಿಸಾಬ ತಲೆ ವಾರೆ ಮಾಡಿ ನೋಡಿದ. "ಅಕ್ಕಾ, ಏನೋ ಕಮ್ಮಿ ಕಾಣ್ತದ."

"ಒತ್ತು ಕಮ್ಮಿ ಅದ. ನೀ ಗಾಡಿ ನಡಸು, ಅದೂ ಬರ್ತದ."

ಬಸ್ಸು ನಾಲೆಯ ಕಲ್ಲಿನ ಮೇಲೆ ಹಾರಿ ಬಿದ್ದು ಊರು ಸೇರಿದಾಗ ಎದ್ದ ಕೂಗಿಗೆ ಆಡುಗಳು ದಿಕ್ಕಾಪಾಲಾಗಿ ಓಡಿದವು. ಹಣಮಪ್ಪ ಮುಂದಿನ ಗಾಲಿಗೆ ತೆಂಗಿನಕಾಯಿ ಒಡೆದ. ಹಾರ ಬಸ್ಸಿನ ಮೂತಿಗೆ ಬಿತ್ತು, ಅರಿಶಿನ ಕುಂಕುಮ ಹಾಜಿಸಾಬನ ಹಣೆಗೂ ಬಿತ್ತು, ಅವನು ಬೇಡ ಅನ್ನಲಿಲ್ಲ. ಹೋಳಿಗೆ ತಿಂದ ಕಂಡಕ್ಟರು ಟಿಕೀಟು ಹರಿಯುವುದನ್ನೇ ಮರೆತ. ಇಡೀ ಊರು ಹತ್ತಿ ನಾಲೆಯ ತನಕ ಹೋಗಿ ಬಂತು, ಇಳಿಯಿರಿ ಅಂದರೆ ಇಳಿಯಲಿಲ್ಲ, ಮತ್ತೊಮ್ಮೆ ಹೋಗಿ ಬಂತು. ಯಂಕಮ್ಮ ಕಿಟಕಿಯಲ್ಲಿ ಅರ್ಧ ಹೊರಗೆ ಬಾಗಿ, "ಅಯ್ಯ, ನಮ್ಮ ಮನಿ ನೋಡ್ರೇ! ಇಷ್ಟು ಸಣ್ಣದದೇನು!" ಅಂತ ಕಿರುಚಿದಳು. ಸಂಜೆ ಅದೇ ಬಸ್ಸಿನಲ್ಲಿ ವೃಂದಾ ಟೀಚರ್ ಕಾಲು ಚಾಚಿ ಕೂತು ಹೋದರು. ಅವರು ನಕ್ಕಿದ್ದನ್ನು ಯಂಕಮ್ಮ ಕಣ್ಣಾರೆ ಕಂಡಳು, ಕಂಡು ಮನೆಗೆ ಬಂದು ನಾಲ್ಕು ರೊಟ್ಟಿ ಹೆಚ್ಚು ತಿಂದಳು.

ಶನಿವಾರ ಬೆಳಿಗ್ಗೆ ಬಸ್ಸಿನಿಂದ ಇಳಿದ ಟೀಚರ ಕೈಯಲ್ಲಿ ಒಂದು ಪೇಪರು. ಮುಖದಲ್ಲಿ ನಗೆಯೋ ಅಳುವೋ ತಿಳಿಯದ ಒಂದು ಭಾವ.

"ಯಂಕಮ್ಮಾ, ಇಲ್ಲಿ ಬರ್ರಿ. ಫೋನಿನ್ಯಾಗ ಅವರು ಏನಂದಿದ್ರು? ಬರೋಬ್ಬರಿ ಹೇಳ್ರಿ."

"ಕಮಿಟಿಯಿಂದ ಬಿಟ್ಟಾರ ಅಂದ್ರು."

"ಬಿಟ್ಟಾರ ಅಲ್ಲ. ಕೈಬಿಟ್ಟಾರ!" ವೃಂದಾ ಓದಿ ಹೇಳಿದರು. ಖಂಡಪ್ಪಸಾಹೇಬರು ಸಮಿತಿಯಲ್ಲಿ ಕೂತು ತಮ್ಮ ಪಕ್ಷದ ಮಂತ್ರಿಗಳನ್ನೇ "ಆ ಮಾತು ಏನಾಯಿತು, ಈ ಮಾತು ಏನಾಯಿತು" ಅಂತ ಪೀಡಿಸಿದ್ದರಂತೆ. ಪಕ್ಷದ ಹಿರಿಯರಿಗೆ ಸಾಕಾಗಿ ಅವರ ಹೆಸರು ತೆಗೆಸಿ ಬೇರೆಯವರನ್ನು ಹಾಕಿಸಿದ್ದರು. ಬುಧವಾರ ಆಡಿದ ಮಾತು ಶುಕ್ರವಾರ ಆದೇಶವಾಗಿ ಶನಿವಾರ ಪೇಪರಿನಲ್ಲಿ ಬಂದಿತ್ತು. ಶುಕ್ರವಾರ ಬೆಂಗಳೂರಿನಿಂದ ಹೊರಡುವುದು ಬಸ್ಸಲ್ಲ, ಸಾಹೇಬರು. "ಕೈ ಅನ್ನೂ ಒಂದು ಅಕ್ಷರ ತಂತ್ಯಾಗ ಉಳದದ ಯಂಕಮ್ಮಾ," ಅನ್ನುತ್ತ ವೃಂದಾ ಗೂಟ ಹಿಡಿದುಕೊಂಡು ನಗತೊಡಗಿದರು. ಯಂಕಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೊದಲು ನಗು ನಿಂತದ್ದು ಯಂಕಮ್ಮನದು. "ಟೀಚರ್, ಈ ಪೇಪರ್ ಡಿಪೋದಾಗೂ ಬರ್ತದಲ್ರಿ?"

"ಬರ್ತದ," ಅಂದರು ವೃಂದಾ, ಅವರ ನಗುವೂ ನಿಂತಿತು.

ಬಸ್ಸು ತಿರುಗಿ ಹೊರಟಿತ್ತು. ಯಂಕಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಓಡಿ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಲೆಕ್ಕ. ಬಸ್ಸು ನಿಂತರೆ ಟೀಚರು ಹೋದರು, ಟೀಚರು ಹೋದರೆ ಮತ್ತೆ ಅ. ದೇವರೇ, ಇನ್ನೊಂದು ಸಲ ಅ ಬೇಡಪ್ಪ!

ಬಸ್‌ಸ್ಟ್ಯಾಂಡಿನಲ್ಲಿ ಹಸೀನಾಬೇಗಂ ಬಾಗಿಲಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದರು. "ಯಾ ಅಲ್ಲಾ! ನನಗ ಬಿಟ್ಟಾರ ಅಂತ ಕೇಳಿಸ್ತು ಅಕ್ಕಾ. ಮುಂದ ಕೈ ಇತ್ತೋ ಕಾಲ್ ಇತ್ತೋ ಯಾರಿಗಿ ಗೊತ್ತು! ಮ್ಯಾನೇಜರ್ ಸಾಹೇಬ್ರು ಪೇಪರ್ ಹಿಡಕೊಂಡು ಬರ್ಲಿಕತ್ತಾರ ನೋಡು, ಮ್ಯಾಲಿನ ಆಫೀಸಿಗಿ ಫೋನ್ ಹಚ್ಚಬೇಕಂತ."

ಅದೇ ಹೊತ್ತಿಗೆ, ರೈಲಿನಲ್ಲಿ ವಾಡಿಗೆ ಬಂದು ಇಳಿದು, ಸೇಡಂ ದಾಟಿ ಬಂದ ಜೀಪಿನಿಂದ ಖಂಡಪ್ಪಸಾಹೇಬರು ಕೆಳಗಿಳಿದರು. ಮುಖ ಬಾಡಿತ್ತು. ಯಾವಾಗಲೂ ಓಡಿ ಬರುತ್ತಿದ್ದ ಮಂದಿ ಅವತ್ತು ಪಾನಂಗಡಿಯ ಹಿಂದೆ ಮರೆಯಾಗಿದ್ದರು. ಯಂಕಮ್ಮ ಬಸ್ಸಿನ ಮೂತಿಯ ಮೇಲಿದ್ದ ನಿನ್ನೆಯ ಹಾರವನ್ನೇ ಕಿತ್ತು ತಂದು ಅವರ ಕೊರಳಿಗೆ ಹಾಕಿದಳು.

"ಏನು ಯಂಕಮ್ಮ! ನನ್ನ ತೆಗದ ಹಾಕಿದ್ದಕ್ಕ ಮಾಲಿ ಹಾಕ್ತೀಯೇನು?" ಸಾಹೇಬರ ಕಣ್ಣು ಕೆಂಪಾಯಿತು.

"ಸಿಟ್ಟಾಗಬ್ಯಾಡ್ರಿ ಯಪ್ಪಾ, ಕಿವಿ ಇಲ್ಲಿ ಕೊಡ್ರಿ," ಅಂದವಳೇ ಒಂದೇ ಉಸಿರಿನಲ್ಲಿ ಫೋನು, ಕೈ, ಡಿಪೋ, ಹಾಜಿಸಾಬ, ಟೀಚರು, ಒತ್ತಕ್ಷರ ಎಲ್ಲ ಒದರಿಬಿಟ್ಟಳು. ಉಸಿರು ಮುಗಿಯುವುದಕ್ಕೂ ಜಗದೇವಪ್ಪ ಪೇಪರು ಹಿಡಿದು ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

"ಸರ್... ಕಮಿಟಿಯಿಂದ..." ಅಂದರು ಜಗದೇವಪ್ಪ, ಪೇಪರನ್ನು ಮುಂದೆ ಚಾಚುತ್ತ.

ಪಾನಂಗಡಿಯ ಹಿಂದಿನ ಮಂದಿ ಇಣುಕಿದರು. ಅಷ್ಟು ಜನರೆದುರು ತಮ್ಮ ಅವಮಾನವನ್ನು ಸಾಹೇಬರು ಹೇಗೆ ಹೇಳಿಯಾರು? ಯಂಕಮ್ಮ ಕೈ ಮುಗಿದು ನಿಂತಿದ್ದಳು. ಸಾಹೇಬರು ಅವಳ ಮುಖ ನೋಡಿದರು, ಹಾರ ಸರಿಮಾಡಿಕೊಂಡರು.

"ಹೌದಪ್ಪ ಜಗದೇವಪ್ಪ. ಕಮಿಟಿಯಿಂದ ಬಿಟ್ಟಾರ."

"ಅಂದ್ರ... ಯಾರನ್ನ ಸರ್? ಅಲ್ಲಲ್ಲ, ಏನನ್ನ ಸರ್?"

"ನೀ ಬಸ್ ಚಾಲೂ ಮಾಡೀಯಲ್ಲ? ಬಂದ್ ಮಾಡಬೇಕಂದ್ರ ಮ್ಯಾಲಿನವರಿಗಿ ಬರೀಬೇಕಾಗ್ತದ. ಯಾವಾಗ ಚಾಲೂ ಮಾಡಿದಿ, ಯಾರ ಆರ್ಡರ್ ಮ್ಯಾಲ ಮಾಡಿದಿ, ಎಲ್ಲಾ ಬರೀಬೇಕು. ಬರೀತೀಯೇನು? ಪೆನ್ನು ಕೊಡ್ಲಿ?"

ಜಗದೇವಪ್ಪನವರ ಬೆನ್ನು ನೆಟ್ಟಗಾಯಿತು. ಪೇಪರನ್ನು ನಾಲ್ಕು ಮಡಿಕೆ ಮಾಡಿದರು, ಎಂಟು ಮಾಡಿದರು, ಕಿಸೆಗೆ ಹಾಕಿದರು. "ಬ್ಯಾಡ್ರಿ ಸರ್. ಆ ರೂಟಿನ್ಯಾಗ ಮಂದಿ ಭಾಳ ಅದಾರ. ಬಸ್ ಇರಲಿ."

ಮಧ್ಯಾಹ್ನದ ಬಸ್ಸಿಗೆ ಸಾಹೇಬರೂ ಹತ್ತಿದರು. ಅಡವಿಯ ದಾರಿಯಲ್ಲಿ ಸೀಟಿನ ಮೇಲೆ ಎಗರಿ ಎಗರಿ ಬೀಳುತ್ತ ಅವರಿಗೂ ನಗು ಹತ್ತಿತು. "ಎರಡು ವರ್ಷ ಕಮಿಟಿಯಾಗ ಕುಂತು ಬಡಕೊಂಡೆ, ಒಂದು ಬಸ್ ಬಿಡಸಲಿಕ್ಕ ಆಗಲಿಲ್ಲ ಯಂಕಮ್ಮ. ನನ್ನ ತೆಗದ ಎರಡನೇ ದಿನಕ್ಕ ಬಂದುಬಿಡ್ತಲ್ಲ!"

"ಹಂಗಿದ್ರ ನಿಮ್ಮನ್ನ ಮೊದಲೇ ತೆಗೀಬೇಕಿತ್ತು ಬಿಡ್ರಿ!" ಅಂದಳು ಯಂಕಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹಾಜಿಸಾಬ ಸ್ಟಿಯರಿಂಗಿನ ಮೇಲೆ ಬಿದ್ದು ನಕ್ಕ, ಸಾಹೇಬರು ಕಣ್ಣು ಒರೆಸಿಕೊಂಡು ನಕ್ಕರು, ಬಸ್ಸು ಒಂದು ಪೊದೆಗೆ ಹೋಗಿ ಬಂತು.

ಶಾಲೆ ಬಿಟ್ಟಿತ್ತು. ಅದೇ ಬಸ್ಸಿಗೆ ವೃಂದಾ ಟೀಚರ್ ಚೀಲ ಹಿಡಿದು ಹತ್ತಿದರು. ಚಿತ್ತಾಪುರಕ್ಕೆ, ತಂದೆಯ ಮನೆಗೆ. ಕಿಟಕಿಯಿಂದ "ಸೋಮವಾರ ಬರ್ತೀನಿ," ಅಂದರು.

ಇದೇ ಮಾತನ್ನು ಮೊದಲಿನ ಮೂವರಿಂದಲೂ ಯಂಕಮ್ಮ ಕೇಳಿದ್ದಳು. ಬಸ್ಸು ಉಳಿಯಿತು, ಸರಿ. ಆದರೆ ಅರ್ಜಿ? ಕೊಟ್ಟ ಅರ್ಜಿ ಹೋಗಿ ಎಲ್ಲೋ ಮೇಜಿನ ಮೇಲೆ ಕೂತಿರುತ್ತದೆ, ಆರ್ಡರು ಬಂದೇಬಿಟ್ಟಿದ್ದರೆ? ಭಾನುವಾರ ಎಮ್ಮೆ ಹಿಂಡುವಾಗ ಅರ್ಧ ಹಾಲು ನೆಲಕ್ಕೆ ಹಿಂಡಿದಳು. ಹಣಮಪ್ಪ ಅವಳ ಮುಖ ನೋಡಿ, ಎರಡನೇ ಎಮ್ಮೆಯನ್ನು ತಾನೇ ಹಿಂಡಿದ.

ಸೋಮವಾರ ಏಳಕ್ಕೇ ಗೂಟದ ಹತ್ತಿರ ಹೋಗಿ ನಿಂತಳು. ಒಂಬತ್ತಕ್ಕೆ ಬಸ್ಸು ಬಂತು. ಮೊದಲು ಒಬ್ಬ ಮುದುಕ ಇಳಿದ, ಆಮೇಲೆ ಎರಡು ಕೋಳಿ ಹಿಡಿದ ಹೆಂಗಸು ಇಳಿದಳು. ಆಮೇಲೆ ಯಾರೂ ಇಲ್ಲ. ಯಂಕಮ್ಮ ಒಂದೊಂದೇ ಕಿಟಕಿಯಲ್ಲಿ ಇಣುಕಿದಳು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ, ಸಿಕ್ಕಿಕೊಂಡ ಸೆರಗು ಬಿಡಿಸಿಕೊಳ್ಳುತ್ತ, ವೃಂದಾ ಟೀಚರ್ ಇಳಿದರು.

"ಎಷ್ಟು ತಡ ಮಾಡ್ತೀರಿ!" ಯಂಕಮ್ಮ ಜಗಳಕ್ಕೇ ನಿಂತಳು. "ಜೀವ ಹೋತು ನಂದು! ಆರ್ಡರ್ ಬಂತೇನು?"

"ಇಲ್ಲ. ಶನಿವಾರನೇ ಚಿಂಚೋಳಿ ಆಫೀಸಿಗೆ ಹೋಗಿ ಅರ್ಜಿ ವಾಪಸ್ ತಗೊಂಡೆ. ಸುಮ್ಮನೆ ಕೊಡಲಿಲ್ಲ ಅವರು, ಕಾರಣ ಬರಕೊಡ್ರಿ ಅಂದ್ರು."

"ಏನಂತ ಬರದ್ರಿ? ಬಸ್ ಬಂತು ಅಂತೇನು?"

"ಒತ್ತಕ್ಷರ ಕಲಿಸೂದು ಬಾಕಿ ಅದ ಅಂತ ಬರದೆ," ಅಂದರು ವೃಂದಾ.

ಯಂಕಮ್ಮ ನಾಲ್ಕು ಹೊಲದಾಚೆ ಕೇಳುವಂತೆ ಒಂದು ಕೂಗು ಹಾಕಿದಳು. ಟೀಚರ ಕೈಯ ಚೀಲ ಕಸಿದುಕೊಂಡು, ಅಳುತ್ತ ನಗುತ್ತ, ಅವರಿಗಿಂತ ಮುಂಚೆ ಶಾಲೆಯ ಒಳಗೆ ಓಡಿ ಮೊದಲನೇ ಸಾಲಿನಲ್ಲಿ ಕೂತುಬಿಟ್ಟಳು.